ಭಾನುವಾರ ಎರಡು ಸಲ

"ನೆಟ್ಟೇ ಇಲ್ಲದ ಕಂಪ್ಯೂಟರಿಗೆ ಅಪ್‌ಡೇಟ್ ಯಾಕೆ ಮಾರಾಯ್ರೇ? ಅದಕ್ಕೆ ವೈರಸ್ಸು ಬರೋದಾದ್ರೂ ಎಲ್ಲಿಂದ?" ದಾಸವಾಳಕ್ಕೆ ನೀರು ಬಿಡುತ್ತಿದ್ದ ಮೇಷ್ಟ್ರು ಬೇಲಿಯಾಚೆಯಿಂದ ಕೇಳಿದರು. ಅವರ ಶಾಲೆಯ ಲ್ಯಾಬಿಗೆ ನಾನು ಭಾನುವಾರ ಎರಡೆರಡು ಸಲ ಹೋಗಿಬರುವುದು ಅವರ ಕಣ್ಣಿಗೆ ಬಿದ್ದಿತ್ತು.

ಜೇಬಿನಿಂದ ಬರುತ್ತೆ ಮೇಷ್ಟ್ರೇ, ಅಂದೆ. ಇರಾನಿನ ನತಾಂಜ್ ಅಣುಸ್ಥಾವರದ ಯಂತ್ರಗಳಿಗೂ ಇಂಟರ್ನೆಟ್ ಇರಲಿಲ್ಲ. ಆದರೂ 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಒಳಗೆ ಹೊಕ್ಕಿತ್ತಲ್ಲ! ಪೆನ್‌ಡ್ರೈವಿನಲ್ಲಿ ಹರಡುವಂತೆಯೇ ಮಾಡಿದ ಹುಳು ಅದು. ಫೈಲ್ ತೆರೆಯುವುದೂ ಬೇಡ, ಪೆನ್‌ಡ್ರೈವಿನ ಐಕಾನುಗಳು ಪರದೆಯಲ್ಲಿ ಮೂಡಿದರೆ ಸಾಕಿತ್ತು. ವಿಂಡೋಸಿನ ಆ ತೂತಿಗೆ ಮೈಕ್ರೋಸಾಫ್ಟ್ ಅದೇ ವರ್ಷ ಆಗಸ್ಟಿನಲ್ಲಿ ತೇಪೆ ಕೊಟ್ಟಿತು. ನೆಟ್ಟಿಲ್ಲದ ಯಂತ್ರಕ್ಕೆ ಆ ತೇಪೆಯನ್ನು ಯಾರಾದರೂ ಹೊತ್ತುಕೊಂಡೇ ಹೋಗಬೇಕು.

"ಸರಿ, ಎರಡು ಸಲ ಯಾಕೆ?"

ನಿಮ್ಮ ಲ್ಯಾಬಿನಲ್ಲಿರುವುದು ವಿಂಡೋಸ್ ಅಲ್ಲ, ಡೆಬಿಯನ್ ಅನ್ನುವ ಬೇರೆ ಕಾರ್ಯವ್ಯವಸ್ಥೆ. ಮೊದಮೊದಲು ಒಂದೊಂದೇ ಪ್ಯಾಕೇಜ್ ಇಳಿಸಿಕೊಂಡು ಹೋಗುತ್ತಿದ್ದೆ. ಅಲ್ಲಿ ಹಾಕಿದರೆ ಅದು ಇನ್ನೊಂದನ್ನು ಕೇಳುತ್ತಿತ್ತು, ಇನ್ನೊಂದು ಮತ್ತೊಂದನ್ನು. ಒಂದಿಡೀ ದಸರಾ ರಜೆ ಹೀಗೇ ಕಳೆಯಿತು. ಈಗ ಆಪ್ಟ್-ಆಫ್‌ಲೈನ್ ಅನ್ನುವ ತಂತ್ರಾಂಶ ಇದೆ. ಲ್ಯಾಬಿನ ಯಂತ್ರ ತನಗೆ ಬೇಕಾದ್ದನ್ನೆಲ್ಲ ತಾನೇ ಚೀಟಿ ಬರೆದುಕೊಡುತ್ತೆ, ಅಮ್ಮ ದಿನಸಿ ಅಂಗಡಿಗೆ ಬರೆದುಕೊಡುತ್ತಿದ್ದರಲ್ಲ, ಹಾಗೆ. ಮನೆಯ ಲ್ಯಾಪ್‌ಟಾಪ್ ಆ ಚೀಟಿ ನೋಡಿ ಎಲ್ಲವನ್ನೂ ಇಳಿಸಿ ಒಂದೇ ಗಂಟು ಕಟ್ಟುತ್ತೆ. ಆದರೆ ಹೊಸದಾಗಿ ಏನೇನು ಬಂದಿದೆ ಅಂತ ಗೊತ್ತಿಲ್ಲದೆ ಚೀಟಿ ಬರೆಯುವುದು ಹೇಗೆ? ಅದಕ್ಕೇ ಬೆಳಿಗ್ಗೆ ಹೊಸ ಪಟ್ಟಿ ಕೊಟ್ಟು, ಚೀಟಿ ಬರೆಸಿಕೊಂಡು ಬರುತ್ತೇನೆ. ಸಂಜೆ ಗಂಟು ಹೊತ್ತು ಹೋಗುತ್ತೇನೆ. ಡೆಬಿಯನ್ ಹಾಕಿದ ಡಿಜಿಟಲ್ ಸಹಿಯನ್ನು ಯಂತ್ರ ತಾಳೆ ನೋಡುತ್ತೆ, ನಡುವೆ ಯಾರಾದರೂ ಕೈಯಾಡಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತೆ. ನನಗೆ ಬಹಳ ಹಿಡಿಸಿದ್ದೇ ಇದು.

ನಿಮ್ಮ ಶಾಲೆಯ ಆಫೀಸಿನ ವಿಂಡೋಸ್ ಯಂತ್ರದ್ದು ಬೇರೆ ದಾರಿ. ಮೈಕ್ರೋಸಾಫ್ಟಿನ ಅಪ್‌ಡೇಟ್ ಕ್ಯಾಟಲಾಗಿನಿಂದ ತೇಪೆ, ಜೊತೆಗೆ ಡಿಫೆಂಡರಿನ ಹೊಸ ವೈರಸ್ ಪಟ್ಟಿ, ಎರಡನ್ನೂ ಫೈಲಾಗಿ ಒಯ್ಯಬಹುದು.

"ಹಾಗಾದ್ರೆ ನಿಮ್ಮ ಪೆನ್‌ಡ್ರೈವಿನಿಂದ್ಲೇ ಹುಳು ಹೋದ್ರೆ?"

ಸರಿಯಾದ ಪ್ರಶ್ನೆ ಕೇಳಿದಿರಿ ಮೇಷ್ಟ್ರೇ. ಅದಕ್ಕೇ ಒಂದನ್ನು ಇದೊಂದೇ ಕೆಲಸಕ್ಕೆ ಮೀಸಲಿಟ್ಟಿದ್ದೇನೆ, ಬೇರೆ ಯಾರಿಗೂ ಕೊಡುವುದಿಲ್ಲ.

ಮೇಷ್ಟ್ರು ಪೈಪು ಕೆಳಗಿಟ್ಟು, ಕೈ ಒರೆಸಿಕೊಂಡು, ಅಂಗಿಯ ಜೇಬಿನಿಂದ ಒಂದು ಪೆನ್‌ಡ್ರೈವ್ ತೆಗೆದರು. "ಪ್ರಶ್ನೆಪತ್ರಿಕೆ ಪ್ರಿಂಟಿಗೆ ನಿನ್ನೆ ಜೆರಾಕ್ಸ್ ಅಂಗಡೀಲಿ ಹಾಕಿದ್ದೆ. ನಾಳೆ ಲ್ಯಾಬಿನಲ್ಲಿ ಹಾಕೋಣ ಅಂತಿದ್ದೆ."

ಕೊಡಿ ಇಲ್ಲಿ, ಅಂತ ಬೇಲಿಯ ಮೇಲಿಂದ ಕೈ ಚಾಚಿದೆ.