ಸೊಸೆಗೆ ಮಾತ್ರ ಯಾಕ್ರೀ ಸ್ಕ್ಯಾನು?

ಅಲ್ರೀ ರಾಯರೇ, ನುಗ್ಗೆಸೊಪ್ಪು ಎಷ್ಟು ಬೇಕೋ ಕಿತ್ಕೊಳ್ಳಿ, ಆದರೆ ನಿಮ್ಮಣ್ಣನ ಮನೆ ಸುದ್ದಿ ಅರ್ಧಕ್ಕೇ ನಿಲ್ಲಿಸಬೇಡಿ. ಮಕ್ಕಳಾಗಲಿಲ್ಲ ಅಂತ ಸೊಸೆಗೆ ಸ್ಕ್ಯಾನ್ ಆಯ್ತು, ಥೈರಾಯ್ಡ್ ನೋಡಿದ್ದಾಯ್ತು, ಕುಕ್ಕೆಗೆ ಹೋಗಿ ಸರ್ಪಸಂಸ್ಕಾರವೂ ಆಯ್ತು ಅಂದ್ರಿ. ಸರಿ, ಮಗನಿಗೇನಾಯ್ತು? ಅವನಿಗೆ ಮೂವತ್ತು ತುಂಬೋ ಮುಂಚೆಯೇ ಶುಗರ್ ಬಂತು ಅಂತ ನೀವೇ ಹೇಳಿದ್ರಲ್ಲ.

ಮೆಡಿಕಲ್ ಶಾಪಲ್ಲಿ ಕೂತು ಕೂದಲು ಬೆಳ್ಳಗಾದವನು ನಾನು. ಶುಗರಿನವರು ಕಾಲು, ಕಣ್ಣು, ಕಿಡ್ನಿ ಅಂತ ಬೇಕಾದಷ್ಟು ಕೇಳ್ತಾರೆ. ಮಕ್ಕಳಾಗೋ ವಿಷಯ ಮಾತ್ರ ಯಾರ ಬಾಯಲ್ಲೂ ಬರಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತೆ ಸ್ವಾಮಿ.

ಹಳೇ ಶುಗರ್ ನರ ತಿನ್ನುತ್ತೆ. ಪಾದ ಜೋಮು ಹಿಡಿಯೋದು ಎಲ್ಲರಿಗೂ ಗೊತ್ತು. ಮೂತ್ರಕೋಶದ ಬಾಯಿ ಬಿಗಿಹಿಡಿಯೋ ನರವೂ ಹಾಗೇ ಸೋಲುತ್ತೆ. ಆಗ ವೀರ್ಯ ಹೊರಗೆ ಬರೋ ಬದಲು ಹಿಂದಕ್ಕೆ ಹರಿದು ಮೂತ್ರಕೋಶ ಸೇರುತ್ತೆ. ಗಂಡಸಿಗೆ ಬೇರೆ ವ್ಯತ್ಯಾಸ ತಿಳಿಯದೇ ಇರಬಹುದು. ಬರೋದು ಒಂದೆರಡು ಹನಿ, ಇಲ್ಲಾಂದ್ರೆ ಅದೂ ಇಲ್ಲ. ಆಮೇಲೆ ಮೂತ್ರ ಪರೀಕ್ಷೆ ಮಾಡಿದರೆ ಕಳೆದುಹೋದ ವೀರ್ಯಾಣು ಅಲ್ಲಿ ಸಿಗುತ್ತೆ. ಮುಖ ಸಿಂಡರಿಸಬೇಡಿ, ಅದನ್ನೇ ಲ್ಯಾಬಲ್ಲಿ ಬೇರ್ಪಡಿಸಿ ಮಗು ಪಡೆದವರಿದ್ದಾರೆ. ಇನ್ನು ಎಣಿಕೆ ಸರಿಯಾಗೇ ಇದ್ದರೂ ವೀರ್ಯಾಣುವಿನೊಳಗಿನ ಡಿಎನ್‌ಎ ತುಂಡಾಗಿರೋದು ಶುಗರಿನವರಲ್ಲಿ ಹೆಚ್ಚು. ಮಾಮೂಲಿ ರಿಪೋರ್ಟಲ್ಲಿ ಅದು ಕಾಣಲ್ಲ.

ಸುಸ್ತು ಅಂತ ಟೆಸ್ಟೊಸ್ಟಿರಾನ್ ಇಂಜೆಕ್ಷನ್ನಿಗೆ ಮಾತ್ರ ಕೈಯೊಡ್ಡೋದು ಬೇಡ. ಹೊರಗಿಂದ ಬಂತು ಅಂದಕೂಡಲೇ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಅಪ್ಪಣೆ ಕಳಿಸೋದನ್ನೇ ನಿಲ್ಲಿಸುತ್ತೆ. ಮೀಸೆ ತಿರುವಬಹುದು, ತೊಟ್ಟಿಲು ಕಟ್ಟೋ ಹಾಗಿಲ್ಲ.

ಏನು, ಹುಡುಗ ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ಬಿಟ್ಟುಬಿಟ್ಟಿದ್ದಾನಾ? ಅಪ್ಪ ತಗೊಂಡರೆ ಮಗುವಿಗೆ ದೋಷ ಅಂತ ವಾಟ್ಸಾಪಲ್ಲಿ ಬಂತಾ! ಪೂರ್ತಿ ಸುಳ್ಳಲ್ಲ ಬಿಡಿ. 2022ರಲ್ಲಿ ಡೆನ್ಮಾರ್ಕಿನವರು ಲೆಕ್ಕ ತೆಗೆದರು. ಗರ್ಭ ನಿಲ್ಲೋ ಮುಂಚಿನ ಮೂರು ತಿಂಗಳಲ್ಲಿ ಅಪ್ಪ ಆ ಮಾತ್ರೆ ತಗೊಂಡಿದ್ದ ಮಕ್ಕಳಲ್ಲಿ ಹುಟ್ಟುದೋಷ ನೂರಕ್ಕೆ 5.2, ತಗೊಳ್ಳದಿದ್ದವರ ಮಕ್ಕಳಲ್ಲಿ 3.3. ಆದರೆ ಮಾತ್ರೆ ನುಂಗೋನಿಗೆ ಶುಗರೂ ಇರುತ್ತೆ, ಬೊಜ್ಜೂ ಇರುತ್ತೆ, ವಯಸ್ಸೂ ಆಗಿರುತ್ತೆ. ದೂರು ಯಾರ ಮೇಲೆ ಹಾಕೋದು? 2024ರಲ್ಲಿ ನಾರ್ವೆ, ತೈವಾನ್ ಎರಡೂ ಕಡೆಯ ಲಕ್ಷಗಟ್ಟಲೆ ಹೆರಿಗೆಗಳನ್ನು ಜಾಲಾಡಿ, ಇವನ್ನೆಲ್ಲ ಕಳೆದು ನೋಡಿದಾಗ ಮಾತ್ರೆಯ ಮೇಲೆ ಅಪವಾದ ನಿಲ್ಲಲಿಲ್ಲ. ಇವನು ಅರ್ಧ ಓದಿ ಮಾತ್ರೆ ಬಿಸಾಕಿ ಶುಗರ್ ಏರಿಸ್ಕೊಂಡು ಕೂತಿದ್ದಾನೆ. ಡಾಕ್ಟರನ್ನ ಕೇಳಿದ್ದರೆ ಇವನ ಗಂಟೇನು ಹೋಗ್ತಿತ್ತು?

ಒಂದು ವೀರ್ಯಾಣು ತಯಾರಾಗೋಕೆ ಸುಮಾರು 74 ದಿನ ಬೇಕು. ಎಚ್‌ಬಿಎ1ಸಿ ರಿಪೋರ್ಟ್ ಹೇಳೋದೂ ಹಿಂದಿನ ಎರಡು ಮೂರು ತಿಂಗಳ ಶುಗರ್ ಕತೆಯನ್ನೇ. ಹಾಗಾಗಿ ಈಗೊಂದು ವೀರ್ಯ ಪರೀಕ್ಷೆ ಆಗಲಿ, ಶುಗರ್ ಹತೋಟಿಗೆ ಬಂದು ಮೂರು ತಿಂಗಳಾದ ಮೇಲೆ ಇನ್ನೊಂದು.

ಅಣ್ಣ ಒಪ್ಪಲ್ಲ ಅಂತೀರಾ? ಅಣ್ಣನ ವೀರ್ಯ ಯಾರಿಗೆ ಬೇಕು ರಾಯರೇ, ಹುಡುಗನಿಗೇ ಫೋನ್ ಮಾಡಿ. ಲ್ಯಾಬಿಗೆ ಹೋಗೋ ಮುಂಚೆ ಎರಡು ದಿನಕ್ಕೆ ಕಮ್ಮಿಯಿಲ್ಲ, ಏಳಕ್ಕೆ ಜಾಸ್ತಿಯಿಲ್ಲ, ಹಾಗೆ ವೀರ್ಯಸ್ಖಲನಕ್ಕೆ ಬಿಡುವು ಕೊಟ್ಟು ಹೋಗಲಿ. ಇದನ್ನ ಹೇಳೋಕೆ ನಿಮಗೆ ನಾಚಿಕೆ ಆದರೆ ನಂಬರ್ ಕೊಡಿ ಇಲ್ಲಿ, ನಾನೇ ಹೇಳ್ತೀನಿ.