ಪಾರ್ಟಿ ಇದೆ ಸಾರ್

ಬೆಂಗಳೂರಿನಲ್ಲಿ ಸೈಟಿರುವವರು, ಸೈಟಿಲ್ಲದವರು, 'ಒಳ್ಳೆ ರೇಟ್ ಬಂದರೆ ಮಾರಿಬಿಡೋಣ' ಎಂದು ಒಮ್ಮೆ ಬಾಯಿತಪ್ಪಿ ಅಂದವರು, ಎಲ್ಲರ ಫೋನಿನಲ್ಲೂ ಇವರ ನಂಬರ್ ಇದೆ. ಅಪ್ಪ ಅಮ್ಮ ಇಟ್ಟ ಹೆಸರು ಮಾತ್ರ ಯಾರ ಫೋನಿನಲ್ಲೂ ಇಲ್ಲ. ಒಬ್ಬರಿಗೆ ಇವರು 'ಬ್ರೋಕರ್ ನಾಗರಭಾವಿ', ಇನ್ನೊಬ್ಬರಿಗೆ 'ಬ್ರೋಕರ್ ಯಲಹಂಕ', ಮತ್ತೊಬ್ಬರಿಗೆ 'ಬ್ರೋಕರ್ ಎತ್ತಬೇಡ'. ವಿಸಿಟಿಂಗ್ ಕಾರ್ಡಿನಲ್ಲಿರುವ 'ಪ್ರಾಪರ್ಟಿ ಕನ್ಸಲ್ಟೆಂಟ್' ಅನ್ನುವ ಬಿರುದನ್ನು ಓದಿದವರಿಲ್ಲ. ಇವರಿಗೇನೂ ಬೇಸರವಿಲ್ಲ. ಇವರ ಲೆಕ್ಕದಲ್ಲಿ ನಮಗೂ ಹೆಸರಿಲ್ಲ. ನಾವೆಲ್ಲ ಪಾರ್ಟಿಗಳು.

1872ರ ಕರಾರು ಕಾಯ್ದೆಯ ಕಾಲದಿಂದಲೂ ಕಾಗದದ ಮೇಲೆ ಪಾರ್ಟಿ ಎಂದರೆ ಕರಾರಿಗೆ ಕಟ್ಟುಬಿದ್ದವನು. ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿನ ಟೈಪಿಸ್ಟ್ ಇವತ್ತಿಗೂ 'ಒಂದನೇ ಪಾರ್ಟಿಯವರು', 'ಎರಡನೇ ಪಾರ್ಟಿಯವರು' ಎಂದೇ ಕುಟ್ಟುತ್ತಾನೆ. ಇವರ ಬಾಯಲ್ಲಿ ಪಾರ್ಟಿಗಳು ಎರಡಕ್ಕೆ ನಿಲ್ಲುವುದಿಲ್ಲ.

ಕಾಗದಪತ್ರ ಕೇಳದೆ ಅಡ್ವಾನ್ಸ್ ಕೊಟ್ಟವರು 'ಜೆನ್ಯೂನ್ ಪಾರ್ಟಿ'. ಮೂಲಪತ್ರ, ಇ.ಸಿ., ವಂಶವೃಕ್ಷ ಎಲ್ಲವನ್ನೂ ಕೇಳಿ ವಕೀಲರಿಗೆ ತೋರಿಸುತ್ತೇವೆಂದವರು 'ಸ್ವಲ್ಪ ಕಿರಿಕ್ ಪಾರ್ಟಿ'. ಬ್ಯಾಂಕಿನವರು ಒಪ್ಪಿದರೆ ನೋಡೋಣ ಎಂದವರು 'ಲೋನ್ ಪಾರ್ಟಿ'. ಅಂಥವರನ್ನು ಬಿ ಖಾತಾ ಸೈಟಿನ ಹತ್ತಿರಕ್ಕೂ ಕರೆದೊಯ್ಯುವಂತಿಲ್ಲ. ಭಾನುವಾರ ಬೆಳಿಗ್ಗೆ ಅತ್ತೆ, ಮಾವ, ಮಕ್ಕಳ ಸಮೇತ ಬಂದು ನಾಲ್ಕು ಲೇಔಟ್ ಸುತ್ತಿ, ಇವರ ದುಡ್ಡಿನಲ್ಲಿ ಎಳನೀರು ಕುಡಿದು, 'ವಾಸ್ತುವಿನವರನ್ನು ಒಂದು ಮಾತು ಕೇಳಿ ಹೇಳ್ತೀವಿ' ಎಂದು ಹೊರಟವರು 'ಟೈಂಪಾಸ್ ಪಾರ್ಟಿ'. ಇನ್ನು 'ಅಮೆರಿಕಾ ಪಾರ್ಟಿ'ಯನ್ನು ಕಣ್ಣಾರೆ ಕಂಡವರಿಲ್ಲ. ನೀವು ರೇಟಿನಲ್ಲಿ ಎರಡು ಲಕ್ಷ ಇಳಿಸಿ ಎಂದ ಗಳಿಗೆಗೆ ಸರಿಯಾಗಿ ಅದು ಫೋನ್ ಮಾಡುತ್ತದೆ.

ಮನುಷ್ಯ ತೀರಿಕೊಂಡರೂ ಪಾರ್ಟಿಯೇ. ಸೈಟಿನ ಯಜಮಾನರು ಹೋಗಿಬಿಟ್ಟರೆಂದು ತಿಳಿದಾಗ ಇವರು ನಿಜವಾಗಿಯೂ ನೊಂದುಕೊಂಡು ಹೇಳಿದ ಮಾತು: "ಛೇ, ಒಂದು ಪಾರ್ಟಿ ಇತ್ತು, ಈಗ ಆರು ಪಾರ್ಟಿ ಆಯ್ತು." ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ ತಿದ್ದುಪಡಿಯನ್ನು ಇವರಷ್ಟು ಚೆನ್ನಾಗಿ ಬಲ್ಲವರು ಕೋರ್ಟಿನಲ್ಲೂ ಕಡಿಮೆ. ಸಮಾನತೆಯ ಬಗ್ಗೆ ತಕರಾರಿಲ್ಲ. ದಾವಣಗೆರೆಯ ಅಕ್ಕ, ದುಬೈನ ತಂಗಿ, ಮಾತು ಬಿಟ್ಟ ತಮ್ಮ, ಎಲ್ಲರನ್ನೂ ಒಂದೇ ದಿನ ರಾಹುಕಾಲ ತಪ್ಪಿಸಿ ಒಂದೇ ಬೆಂಚಿನ ಮೇಲೆ ಕೂರಿಸಬೇಕಲ್ಲ, ಅದು ಚಿಂತೆ.

ಚುನಾವಣೆ ಹತ್ತಿರವಿದ್ದಾಗ ಹೋಟೆಲಿನಲ್ಲಿ ಯಾರೋ ಇವರನ್ನು "ನಿಮ್ಮದು ಯಾವ ಪಾರ್ಟಿ?" ಎಂದು ಕೇಳಿದರು. "ತಗೊಳ್ಳೋ ಪಾರ್ಟಿ ಸಾರ್. ಕೊಡೋ ಪಾರ್ಟಿ ಇದ್ರೆ ಹೇಳಿ" ಎಂದರು.

ಬ್ರೋಕರ್ ಬ್ರೋಕರಿಗೆ ಸಿಕ್ಕರೆ ಮೊದಲ ಪ್ರಶ್ನೆ: "ಡೈರೆಕ್ಟ್ ಪಾರ್ಟಿನಾ?" ಅಂದರೆ ನಿನಗೂ ಪಾರ್ಟಿಗೂ ನಡುವೆ ಇನ್ನೆಷ್ಟು ಜನ ಕಮಿಷನ್ನಿಗೆ ಕಾದಿದ್ದಾರೆ ಎಂದು. ಉತ್ತರ ಯಾವಾಗಲೂ "ಡೈರೆಕ್ಟೇ!" ಒಮ್ಮೆ ಇವರು ಒಂದು ಕಾರ್ನರ್ ಸೈಟಿಗೆ ಪಾರ್ಟಿ ಬೇಕೆಂದು ಬಸವೇಶ್ವರನಗರದವರಿಗೆ ಹೇಳಿದರು. ಅವರು ಕೆಂಗೇರಿಯವರಿಗೆ, ಕೆಂಗೇರಿಯವರು ಹೆಸರಘಟ್ಟದವರಿಗೆ ಹೇಳಿದರು. ಸಂಜೆಗೆ ಹೆಸರಘಟ್ಟದವರೇ ಇವರಿಗೆ ಫೋನ್ ಮಾಡಿ, "ಒಂದು ಕಾರ್ನರ್ ಸೈಟ್ ಇದೆ ಗುರು, ಡೈರೆಕ್ಟ್ ಪಾರ್ಟಿ. ನಿಂಗೆ ಮಾತ್ರ ಹೇಳ್ತಿದೀನಿ" ಎಂದರು. ಬೆಳಿಗ್ಗೆ ಹೋದ ಸೈಟು ಸಂಜೆ ಮನೆಗೆ ಬರುವಾಗ ಆರು ಲಕ್ಷ ಏರಿತ್ತು. ಇವರಿಗೆ ಸಿಟ್ಟು ಬರಲಿಲ್ಲ. "ನೋಡಿದ್ರಾ, ಮಾರ್ಕೆಟ್ ಎಷ್ಟು ಸ್ಟ್ರಾಂಗ್ ಇದೆ" ಎಂದು ಹಿಗ್ಗಿದರು.

ದೂರ ಅಳೆಯುವುದಕ್ಕೆ ಇವರದೇ ಮಾಪನವಿದೆ. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದಂದಿನಿಂದ ರಾಜ್ಯದ ಉತ್ತರ ದಿಕ್ಕೆಲ್ಲ 'ಏರ್‌ಪೋರ್ಟ್ ಹತ್ತಿರ'. ಚಿಕ್ಕಬಳ್ಳಾಪುರವೂ ಹತ್ತಿರ, ದೊಡ್ಡಬಳ್ಳಾಪುರವೂ ಹತ್ತಿರ. "ಎಷ್ಟು ಹೊತ್ತಾಗುತ್ತೆ?" ಎಂದರೆ "ಸಿಗ್ನಲ್ ಇಲ್ದಿದ್ರೆ ಹದಿನೈದು ನಿಮಿಷ". ಅಲ್ಲಿ ಸಿಗ್ನಲ್ ಇಲ್ಲ, ನಿಜ. ರಸ್ತೆಯೂ ಇಲ್ಲ.

ಇಷ್ಟೆಲ್ಲ ಪಾರ್ಟಿಗಳ ನಡುವೆ ಪಾರ್ಟಿಯಲ್ಲದವರು ಇವರೊಬ್ಬರೇ. ರಿಜಿಸ್ಟ್ರೇಷನ್ ದಿನ ಎಲ್ಲರಿಗಿಂತ ಮೊದಲು ಬಂದು ಟೋಕನ್ ವಿಚಾರಿಸುವವರು ಇವರು. ಆಧಾರ್ ಜೆರಾಕ್ಸ್ ಮರೆತವರಿಗೆ ಓಡಿ ತರುವವರು ಇವರು. ಮೂರು ತಿಂಗಳಿಂದ ಮುನಿದ ಅಣ್ಣತಮ್ಮಂದಿರಿಗೆ ಒಂದೇ ಪೆನ್ನು ಹಿಡಿಸುವವರೂ ಇವರೇ. ಕ್ರಯಪತ್ರದಲ್ಲಿ ಇವರಿಗೆ ಸಿಗುವ ಜಾಗ ಕೊನೆಯ ಪುಟದ ಕೆಳಗೆ, 'ಸಾಕ್ಷಿ' ಎಂದು. ಅದೂ ಬರಬೇಕಾದ ಬಾವಮೈದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರೆ.

ಆಮೇಲೆ ಕಮಿಷನ್ ಮಾತು. 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಕೌಂಟರಿನ ಮುಂದೆ ನಿಂತು 'ಸ್ವಲ್ಪ ನೋಡಿ ಹಾಕಿ' ಎಂದು ಯಾರೂ ಕೇಳಲಿಲ್ಲ. ಶೇ 5ರ ಮುದ್ರಾಂಕ ಶುಲ್ಕಕ್ಕೂ ಚೌಕಾಸಿ ಇಲ್ಲ. ಇವರ ಶೇ 1 ಬಂದಾಗ ಮಾತ್ರ ಕೊಂಡವರ ಮುಖ ಗಂಭೀರವಾಗುತ್ತದೆ: "ನೀವೇನ್ ಮಾಡಿದ್ರಿ? ತೋರಿಸಿದ್ರಿ, ಅಷ್ಟೇ ತಾನೆ?" ಮಾರಿದವರು ಕೂಡಲೇ ದನಿಗೂಡಿಸುತ್ತಾರೆ: "ಹೌದು, ನಾವು ನಾವೇ ಮಾತಾಡಿಕೊಂಡ್ವಲ್ಲ." ಬೆಲೆ, ಅಡ್ವಾನ್ಸು, ಮುಹೂರ್ತ, ಯಾವುದರಲ್ಲೂ ಒಮ್ಮತಕ್ಕೆ ಬಾರದ ಎರಡು ಪಾರ್ಟಿಗಳು ಮೊದಲ ಬಾರಿಗೆ ಒಂದಾಗುವುದು ಇವರ ಕಮಿಷನ್ ಕತ್ತರಿಸಲು.

ಇವರು ವಾದಿಸುವುದಿಲ್ಲ. ಕೊಟ್ಟಷ್ಟನ್ನು ಎಣಿಸದೆ ಜೇಬಿಗಿಳಿಸಿ, ಕಾರಿನತ್ತ ಹೊರಟ ಮಾರಿದವರ ಹಿಂದೆಯೇ ಹೋಗಿ ದನಿ ತಗ್ಗಿಸುತ್ತಾರೆ: "ಸಾರ್, ಈ ದುಡ್ಡನ್ನ ಎರಡು ವರ್ಷದೊಳಗೆ ಮನೆಗೆ ಹಾಕಿದ್ರೆ ಕ್ಯಾಪಿಟಲ್ ಗೇನ್ ಟ್ಯಾಕ್ಸ್ ಉಳಿಯುತ್ತೆ. ನಿಮ್ಮ ಆಡಿಟರ್‌ನೇ ಕೇಳಿ. ಈಸ್ಟ್ ಫೇಸಿಂಗ್, ಎ ಖಾತಾ, ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು. ಓನರ್‌ಗೆ ಅರ್ಜೆಂಟ್ ಇದೆ."

ಮಾರಿದವರು ಕ್ಷಣ ಯೋಚಿಸಿ ಹಿಂದಿನ ಬಾಗಿಲು ತೆಗೆಯುತ್ತಾರೆ. ಹತ್ತಿ ಕೂತ ಇವರು ಫೋನ್ ಕಿವಿಗಿಟ್ಟು, ಮುಂದಿನ ಸೀಟಿಗೆ ಚೆನ್ನಾಗಿ ಕೇಳಿಸುವ ಹಾಗೆ ಹೇಳುತ್ತಾರೆ: "ಹಲೋ, ಆ ಮನೆ ಯಾರಿಗೂ ತೋರಿಸ್ಬೇಡಿ. ಕರ್ಕೊಂಡು ಬರ್ತಿದೀನಿ, ಜೆನ್ಯೂನು. ಕಮಿಷನ್ ವಿಷಯದಲ್ಲಿ ಮಾತ್ರ ಸ್ವಲ್ಪ ಟೈಟು."