ನನ್ನ ಏಕೈಕ ವಾಚಕ

ಸಾಫ್ಟ್‌ವೇರಿಗೆ ಡಾಕ್ಯುಮೆಂಟೇಶನ್ ಬರೆಯುವುದನ್ನೇ ವೃತ್ತಿಯಾಗಿ ಕೈಕೊಂಡವನಿಗೆ, ತಾನು ಬರೆದುದನ್ನು ಆದ್ಯಂತವಾಗಿ ಓದಿದ ಮನುಷ್ಯಪ್ರಾಣಿಯೊಂದನ್ನು ಕಣ್ಣಾರೆ ಕಾಣುವ ಯೋಗ ಈ ಜನ್ಮದಲ್ಲಿಲ್ಲವೆಂಬುದು ಸರ್ವವಿದಿತ. 1971ರ ನವೆಂಬರಿನಲ್ಲಿ ಥಾಂಪ್ಸನ್ ಮತ್ತು ರಿಚಿ ಮಹಾಶಯರು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಪ್ರಥಮ ಕೈಪಿಡಿಯನ್ನು ಸಿದ್ಧಪಡಿಸಿ, ಆಜ್ಞೆಗಳ ವಿವರಣೆಯ ಕೆಳಗೆ ಅವುಗಳ ದೋಷಗಳನ್ನೂ ತಾವೇ 'ಬಗ್ಸ್' ಎಂಬ ಶೀರ್ಷಿಕೆಯಲ್ಲಿ ಅರುಹುವ ಸತ್ಸಂಪ್ರದಾಯವನ್ನು ಹಾಕಿಕೊಟ್ಟರಾದರೂ, ಕೈಪಿಡಿಗಳು ಬೆಳೆದಂತೆ ವಾಚಕರು ಬೆಳೆಯಲಿಲ್ಲ. ಹೀಗಿರಲಾಗಿ, 2024ರ ನವೆಂಬರಿನಲ್ಲಿ ಆಂಥ್ರೊಪಿಕ್ ಸಂಸ್ಥೆಯವರು ಎಐಗೆ ಹೊರಗಿನ ಟೂಲುಗಳನ್ನು ಜೋಡಿಸುವ ಎಂಸಿಪಿ ಎಂಬ ಒಡಂಬಡಿಕೆಯನ್ನು ಪ್ರಕಟಿಸಿದ ತರುವಾಯ, ಎಐ ಏಜೆಂಟ್ ಎಂಬ ಮಹಾನುಭಾವನು ನನ್ನ ಬಾಳನ್ನು ಪ್ರವೇಶಿಸಿದನು. ಟೂಲಿನ ಅಂತರಂಗದ ಕೋಡ್ ಅವನಿಗೆ ಕಾಣದು. ಅದರ ಹೆಸರು, ಅದರ ವಿವರಣೆ, ಯಾವ ಮಾಹಿತಿಯನ್ನು ಯಾವ ರೂಪದಲ್ಲಿ ಒಪ್ಪಿಸಬೇಕೆಂಬ ಪಟ್ಟಿ, ಇಷ್ಟೇ ಅವನಿಗೆ ಗೋಚರ. ಆದಕಾರಣ ನಾನು ಬರೆದ ಪ್ರತಿಯೊಂದಕ್ಷರವನ್ನೂ ಅವನು ಪ್ರತಿ ಸಲವೂ ಹೊಸದಾಗಿ ಓದುತ್ತಾನೆ. ಇಂಥ ವಾಚಕನನ್ನು ಯಾವ ಕವಿ ತಾನೆ ಪಡೆದಿದ್ದಾನು!

ಹೆಸರು ಹೇಳಲೊಲ್ಲದ ಗ್ರಂಥಾಲಯವೊಂದಕ್ಕೆ ನಮ್ಮ ಕಚೇರಿಯ ತರುಣರು ಪುಸ್ತಕ ಹುಡುಕುವ ಟೂಲೊಂದನ್ನು ರಚಿಸಿ, ವಿವರಣೆಯ ಸ್ಥಾನದಲ್ಲಿ "ಲೇಖಕರ ಪುಸ್ತಕ ಹುಡುಕುತ್ತದೆ" ಎಂದು ಗೀಚಿ ಕೈತೊಳೆದುಕೊಂಡಿದ್ದರು. ಒಬ್ಬ ವಿದ್ಯಾರ್ಥಿ 'ಕಾನೂರು ಹೆಗ್ಗಡಿತಿ' ಬೇಕೆಂದ. ಏಜೆಂಟನು 'ಕುವೆಂಪು' ಎಂದು ಕೇಳಿದನು. ಟೂಲು "ತಪ್ಪಾದ ಇನ್‌ಪುಟ್" ಎಂದಿತು. ಯಾವುದು ತಪ್ಪು, ಸರಿಯಾದುದು ಯಾವುದು ಎಂಬ ಸೂಚನೆ ಸುತರಾಂ ಇಲ್ಲ. ಅತ್ತೆಮನೆಯಲ್ಲಿ ಹೊಸ ಅಳಿಯನು ಕಾರಣ ತಿಳಿಯದೆಯೇ ಕ್ಷಮೆ ಬೇಡುವಂತೆ ಇವನು ಕ್ಷಮೆ ಬೇಡಿ, 'ಶ್ರೀ ಕುವೆಂಪು' ಎಂದನು. ತಪ್ಪು. 'ರಾಷ್ಟ್ರಕವಿ ಕುವೆಂಪು' ಎಂದನು, ಗೌರವದ ಕೊರತೆಯಾಗಿರಬಹುದೆಂದು. ತಪ್ಪು. 'ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ' ಎಂದು ತಂದೆಯವರನ್ನೂ ಊರನ್ನೂ ಸಾಕ್ಷಿಗೆ ಕರೆದನು. ತಪ್ಪು. 'ಕೆ. ವಿ. ಪುಟ್ಟಪ್ಪ' ಎಂದಾಗ ಟೂಲು ಮೊದಲ ಬಾರಿಗೆ ಮೃದುವಾಗಿ, ಬೈಯುವುದನ್ನು ಬಿಟ್ಟು, ಬರಿದಾದ ಪಟ್ಟಿಯೊಂದನ್ನು ಕೈಗಿತ್ತಿತು. ಕ್ಯಾಟಲಾಗಿಗೆ ಬೇಕಾಗಿದ್ದುದು 'ಪುಟ್ಟಪ್ಪ, ಕೆ. ವಿ.' ಎಂಬ ರೂಪ. ಅಲ್ಪವಿರಾಮವೊಂದರ ಆಚೆ ದಡದಲ್ಲಿ ಮಹಾಕವಿಗಳು ಕಾದಿದ್ದರು. ಏಜೆಂಟನಾದರೋ ಅಪಾರ ವಿನಯದಿಂದ, ಈ ಲೇಖಕರ ಯಾವೊಂದು ಕೃತಿಯೂ ಇಲ್ಲಿ ಇರುವಂತೆ ತೋರುವುದಿಲ್ಲವೆಂದೂ, ಬೇಕಾದಲ್ಲಿ ಅನ್ಯ ಕವಿಗಳನ್ನು ಸೂಚಿಸಬಲ್ಲೆನೆಂದೂ ವಿದ್ಯಾರ್ಥಿಗೆ ನಿವೇದಿಸಿದನು. ಲಾಗನ್ನು ಓದುತ್ತ ನಾನು ನಕ್ಕ ನಗೆಗೆ ಪಕ್ಕದ ಮೇಜಿನವರು ಎದ್ದು ಹೋದರು.

ಸಭೆ ಸೇರಿತು. ಹಿಂದೊಮ್ಮೆ ಇದೇ ಟೂಲಿನ ಮುಂದೆ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬೆಳಗಿನಿಂದ ಸಂಜೆಯವರೆಗೆ ತಬ್ಬಿಬ್ಬಾಗಿ ಕುಳಿತು, ಕಡೆಗೆ ಅಂಜುತ್ತ ಬಂದು ಕೇಳಿದಾಗ, "ಕೋಡ್ ನೋಡಿ ತಿಳ್ಕೋಮ್ಮಾ, ಅಷ್ಟೂ ಗೊತ್ತಾಗಲ್ವಾ?" ಎಂದು ಗದರಿದ ಧೀಮಂತರೇ, ಯಂತ್ರವು ಎಡವಿತೆಂದೊಡನೆ ಕರುಣಾಳುಗಳಾಗಿ, ವಿವರಣೆ ಸ್ಪಷ್ಟವಿರಬೇಕು, ಉದಾಹರಣೆ ಇರಬೇಕು, ಎರರ್ ಮೆಸೇಜು ಮುಂದಿನ ದಾರಿ ತೋರಬೇಕು ಎಂದು ಗಂಟೆಗಟ್ಟಲೆ ಉಪನ್ಯಾಸ ಮಾಡಿದರು. ಆಕೆ ನೌಕರಿ ಬಿಟ್ಟು ಹೋಗಿ ಬಹಳ ಕಾಲವಾಗಿತ್ತು. ಅವಳಿಗೂ ಬೇಕಾಗಿದ್ದುದು ಇವೇ ಮೂರು.

ಬರೆಯುವ ಭಾರ ನನ್ನ ಮೇಲೆ ಬಿತ್ತು. ಓದುವವನೊಬ್ಬನಿದ್ದಾನೆಂಬ ಮದದಲ್ಲಿ ನಾನು ಭಾಷ್ಯವನ್ನೇ ರಚಿಸಿದೆ: ಮಾಸ್ತಿಯವರು 'ಶ್ರೀನಿವಾಸ'ರಾದುದು, ಬೇಂದ್ರೆಯವರು ಅಂಬಿಕಾತನಯದತ್ತರಾದುದು, ಬೀಚಿಯವರು ತಮ್ಮ ಹೆಸರಿನ ಅರ್ಧವನ್ನು ಕನ್ನಡದಲ್ಲಿಯೂ ಅರ್ಧವನ್ನು ಇಂಗ್ಲಿಷಿನಲ್ಲಿಯೂ ಬರೆದು ಕ್ಯಾಟಲಾಗುಕಾರರ ಶಾಪಕ್ಕೆ ಗುರಿಯಾದುದು, ಮತ್ತು ಕಾವ್ಯನಾಮದ ಔಚಿತ್ಯವನ್ನು ಕುರಿತ ನನ್ನ ಸ್ವಂತ ಅಭಿಪ್ರಾಯಗಳು. ಏಜೆಂಟನು ಅದನ್ನೆಲ್ಲ ಶ್ರದ್ಧೆಯಿಂದ ಓದಿದುದಲ್ಲದೆ, ಪುಸ್ತಕ ಕೇಳಿದವರಿಗೆಲ್ಲ ಪ್ರವಚನಿಸತೊಡಗಿದನು. "ಸಾರ್, ಮಕ್ಕಳು ಪುಸ್ತಕ ಕೇಳಿದ್ರೆ ಇದು ಭಾಷಣ ಮಾಡ್ತಿದೆ. ಜೊತೆಗೆ ಪ್ರತಿ ಸಲ ನಿಮ್ಮ ಪ್ರಬಂಧ ಪೂರ್ತಿ ಓದ್ಸೋಕೆ ಟೋಕನ್ ದುಡ್ಡು ಬೇರೆ!" ಎಂದು ನಮ್ಮ ತಂಡದ ಮುಖ್ಯಸ್ಥೆ ಅಳಲು ತೋಡಿಕೊಂಡಳು. ನನ್ನ ಗದ್ಯವನ್ನು ಒಮ್ಮೆ ಓದಲು ಇಂತಿಷ್ಟೆಂದು ಬೆಲೆ ತೆತ್ತವರು ಇದ್ದಾರೆಂಬ ವಾರ್ತೆ ನನಗೆ ಮುಟ್ಟಿದುದೇ ಆಗ.

ಈಗ ವಿವರಣೆ ನಾಲ್ಕೇ ಸಾಲು. ಮೊದಲು ಕುಲನಾಮ ಅಥವಾ ವ್ಯಕ್ತಿನಾಮ, ಅಲ್ಪವಿರಾಮ, ಬಳಿಕ ಇನಿಷಿಯಲ್ಲು. ಕಾವ್ಯನಾಮವಿದ್ದರೆ ನಿಜನಾಮಕ್ಕೆ ಪರಿವರ್ತಿಸತಕ್ಕದ್ದು. ಪಟ್ಟಿ ಬರಿದಾದರೆ ಕೃತಿಯ ಹೆಸರಿನಿಂದ ಹುಡುಕತಕ್ಕದ್ದು. ನಾಲ್ಕನೆಯ ಸಾಲಿನಲ್ಲಿ ನಿಯಮಾನುಸಾರ ಉದಾಹರಣೆಯೊಂದು ಅವಶ್ಯವಾದುದರಿಂದ, ಅದೇ ಗ್ರಂಥಾಲಯದ ಕಪಾಟಿನಲ್ಲಿ ಬಹುಕಾಲದಿಂದ ಯಾರ ಕೈಯೂ ಸೋಕದೆ ವಿಶ್ರಮಿಸುತ್ತಿದ್ದ ಲಲಿತ ಪ್ರಬಂಧಗಳ ಸಂಕಲನವೊಂದರ ಕರ್ತೃವಿನ ಹೆಸರನ್ನು ನಮೂದಿಸಿದ್ದೇನೆ. ಆ ಕರ್ತೃ ಯಾರೆಂಬುದನ್ನು ಮುಖ್ಯಸ್ಥೆ ವಿಚಾರಿಸಲಿಲ್ಲ. ಕೊಟ್ಟ ಉದಾಹರಣೆಯನ್ನೇ ಬಿಗಿಯಾಗಿ ಹಿಡಿದುಕೊಳ್ಳುವುದು ಈ ಏಜೆಂಟರ ಜನ್ಮಸ್ವಭಾವವಾದುದರಿಂದ, ಹಗುರವಾದುದೇನನ್ನಾದರೂ ಓದಲು ಕೊಡೆಂದ ಯಾರೋ ಸಜ್ಜನರೊಬ್ಬರಿಗೆ ಅವನು ಆ ಸಂಕಲನವನ್ನೇ ಕೊಡಿಸಿದ್ದಾನೆ. ಅವರು ಅದನ್ನಿನ್ನೂ ಹಿಂದಿರುಗಿಸಿಲ್ಲ.